ಐಬಿಎಂ ಬಂದ ದಿನ ಗ್ಯಾರಿ ಕಿಲ್ಡಾಲ್ ನಿಜವಾಗಿ ಎಲ್ಲಿದ್ದರು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಮುಂದೆ ಸ್ವಂತ ಸಾಫ್ಟ್‌ವೇರ್ ಕಂಪನಿ ಮಾಡುವ ಆಸೆಯಿದೆ. ಕ್ಲಾಸಿನಲ್ಲಿ ನಮ್ಮ ಸರ್ ಗ್ಯಾರಿ ಕಿಲ್ಡಾಲ್ ಅನ್ನುವವರ ಕತೆ ಹೇಳಿದರು. ದೊಡ್ಡ ಕಂಪ್ಯೂಟರ್ ಕಂಪನಿ ಐಬಿಎಂನವರು ಬಾಗಿಲಿಗೆ ಬಂದಾಗ ಅವರು ವಿಮಾನ ಹಾರಿಸಲು ಹೋಗಿದ್ದರಂತೆ. ಅದರಿಂದ ಬಿಲ್ ಗೇಟ್ಸ್‌ಗೆ ಅದೃಷ್ಟ ಖುಲಾಯಿಸಿತಂತೆ. ಇದು ನಿಜವಾ? ಈ ಕಿಲ್ಡಾಲ್ ಅಷ್ಟಕ್ಕೂ ಏನು ಮಾಡಿದ್ದರು? ನಾನು ಹೆಸರೇ ಕೇಳಿರಲಿಲ್ಲ.

ಉತ್ತರ: ವಿಮಾನದ ಮಾತು ಅರ್ಧ ನಿಜ. ಆ ದಿನ ಬೆಳಿಗ್ಗೆ ಅವರು ವಿಮಾನದಲ್ಲಿದ್ದದ್ದು ಹೌದು. ಆದರೆ ಮೋಜಿಗೆ ಹೋಗಿರಲಿಲ್ಲ, ಗ್ರಾಹಕರೊಬ್ಬರನ್ನು ನೋಡಲು ಹೋಗಿದ್ದರು. ಆ ದಿನದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ನನ್ನನ್ನು ಜಾಸ್ತಿ ಕಾಡಿತು. ಕಂಪ್ಯೂಟರ್ ಓದುತ್ತಿರುವ ಹುಡುಗರಿಗೆ ಈ ಹೆಸರು ಗೊತ್ತಿಲ್ಲ, ಗೊತ್ತಾದರೂ ಅವಕಾಶ ಕಳೆದುಕೊಂಡವರು ಎಂದೇ ಗೊತ್ತಾಗುತ್ತದೆ. ಹಾಗಾಗಿ ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ.

ಮೊದಲು ನಿಮ್ಮ ಕಂಪ್ಯೂಟರನ್ನೇ ನೋಡಿ. ವಿಂಡೋಸ್ ಇದ್ದರೆ ನಿಮ್ಮ ಫೈಲುಗಳು ಸಿ ಡ್ರೈವ್‌ನಲ್ಲಿರುತ್ತವೆ ಅಲ್ವಾ? ಹಾಗಾದರೆ ಎ ಮತ್ತು ಬಿ ಎಲ್ಲಿ ಹೋದವು? ಅವೆರಡೂ ಫ್ಲಾಪಿ ಎಂಬ ಹಳೆಯ ತೆಳು ಡಿಸ್ಕ್ ಓದುವ ಡ್ರೈವ್‌ಗಳ ಹೆಸರು. ಫ್ಲಾಪಿ ಹೋಗಿ ಎಷ್ಟೋ ವರ್ಷವಾಯಿತು, ಅವುಗಳ ಜಾಗ ಮಾತ್ರ ಖಾಲಿ ಉಳಿದಿದೆ. ಡ್ರೈವ್‌ಗೆ ಒಂದಕ್ಷರದ ಹೆಸರಿಟ್ಟು ಮುಂದೆ ಕೋಲನ್ ಹಾಕುವ ಈ ರೂಢಿ ಪರ್ಸನಲ್ ಕಂಪ್ಯೂಟರ್‌ಗಳಿಗೆ ಬಂದದ್ದು ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್‌ನಿಂದ, ಅಂದರೆ ಯಂತ್ರವನ್ನೂ ಅದರ ಮೇಲಿನ ಪ್ರೋಗ್ರಾಮುಗಳನ್ನೂ ನಡೆಸುವ ಮೂಲ ಸಾಫ್ಟ್‌ವೇರ್‌ನಿಂದ. ಫೈಲಿನ ಹೆಸರು ಎಂಟು ಅಕ್ಷರ, ಚುಕ್ಕಿ, ಆಮೇಲೆ ಮೂರು ಅಕ್ಷರ ಎಂಬ ಕಟ್ಟು ಕೂಡ ಅಲ್ಲಿಂದಲೇ ಡಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲಿದ್ದ ಆಪರೇಟಿಂಗ್ ಸಿಸ್ಟಮ್‌ಗೆ, ಇಳಿಯಿತು. ನಾನು ಡಾಸ್ ಕಾಲದಲ್ಲಿ ಕಂಪ್ಯೂಟರ್ ಕಲಿತವನು. ಊರಿನ ಹೆಸರು, ತಿಂಗಳು, ವರ್ಷ ಎಲ್ಲವನ್ನೂ ಆ ಎಂಟು ಅಕ್ಷರದೊಳಗೆ ತುರುಕಲು ಪಟ್ಟ ಪಾಡು ಇನ್ನೂ ನೆನಪಿದೆ.

ಕಿಲ್ಡಾಲ್ ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಹಡಗು ನಡೆಸುವ ವಿದ್ಯೆ ಕಲಿಸುವ ಶಾಲೆಯೊಂದನ್ನು ಅವರ ಮನೆಯವರು ನಡೆಸುತ್ತಿದ್ದರು. ಗಣಿತ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ ಹುಡುಗ ಅಲ್ಲಿ ಕಂಪ್ಯೂಟರ್ ಹುಚ್ಚು ಹತ್ತಿಸಿಕೊಂಡರು. 1972ರಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮುಗಿಯಿತು. ಅದಕ್ಕೂ ಮೊದಲೇ, ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಳ್ಳುತ್ತಿದ್ದ ಆ ಕಾಲದಲ್ಲಿ, ಅವರು ನೌಕಾಪಡೆ ಸೇರಿ, ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಪಾಠ ಹೇಳಲು ನಿಂತರು.

ಇಲ್ಲಿ ನಿಮ್ಮ ಸಿಲಬಸ್‌ಗೆ ಸಂಬಂಧಿಸಿದ ಒಂದು ಮಾತು. ಕಂಪೈಲರ್ ವಿಷಯದಲ್ಲಿ ಡೇಟಾ ಫ್ಲೋ ಅನಾಲಿಸಿಸ್, ಅಂದರೆ ಪ್ರೋಗ್ರಾಮಿನೊಳಗೆ ಮೌಲ್ಯಗಳು ಎಲ್ಲಿಂದ ಎಲ್ಲಿಗೆ ಹರಿಯುತ್ತವೆ ಎಂದು ನೋಡುವುದನ್ನು ಓದುತ್ತೀರಲ್ಲ, ಅದರ ಬುನಾದಿ ಪ್ರಬಂಧಗಳಲ್ಲಿ ಒಂದನ್ನು 1973ರಲ್ಲಿ ಬರೆದವರು ಇದೇ ಕಿಲ್ಡಾಲ್. ಆ ವಿಧಾನಕ್ಕೆ ಇವತ್ತಿಗೂ ಅವರದೇ ಹೆಸರಿದೆ. ಆಪರೇಟಿಂಗ್ ಸಿಸ್ಟಮ್‌ನ ಗೊಡವೆಯೇ ಇಲ್ಲದಿದ್ದರೂ ಈ ಒಂದು ಕೆಲಸಕ್ಕೆ ಅವರ ಹೆಸರು ಪಠ್ಯಪುಸ್ತಕದಲ್ಲಿ ಇರುತ್ತಿತ್ತು.

ಅಷ್ಟರಲ್ಲಿ ಇಂಟೆಲ್ 4004 ಎಂಬ ಚಿಪ್ ಮಾರುಕಟ್ಟೆಗೆ ಬಂದಿತ್ತು. 25 ಡಾಲರ್‌ಗೆ ಒಂದು ಕಂಪ್ಯೂಟರ್ ಎಂಬ ಪ್ರಕಟಣೆ ಕಿಲ್ಡಾಲ್ ಕಣ್ಣಿಗೆ ಬಿತ್ತು. ಆ ಕಾಲದಲ್ಲಿ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವ ಯಂತ್ರ, ಅದನ್ನು ಸರದಿಯಲ್ಲಿ ನಿಂತು ಬಳಸಬೇಕು. ಕೈಯಲ್ಲಿ ಹಿಡಿಯುವ ಚಿಪ್ಪಿನಿಂದ ಅದೇ ಕೆಲಸ ಮಾಡಿಸಬಹುದು ಎಂದು ಹೆಚ್ಚಿನವರಿಗೆ ನಂಬಿಕೆ ಇರಲಿಲ್ಲ. ಇಂಟೆಲ್‌ನ ಒಳಗೂ ಅದನ್ನು ಟ್ರಾಫಿಕ್ ದೀಪ, ಅಳತೆಯ ಯಂತ್ರಗಳಿಗೆ ಕೂರಿಸುವ ಬಿಡಿಭಾಗ ಎಂದೇ ನೋಡುತ್ತಿದ್ದರು. ಕಿಲ್ಡಾಲ್ ಅದರ ಮೇಲೆ ಗಣಿತದ ಲೆಕ್ಕ ಮಾಡಿಸಲು ಕೂತರು. ಒಂದು ಬ್ರೀಫ್‌ಕೇಸಿನೊಳಗೆ ಪುಟ್ಟ ಕಂಪ್ಯೂಟರ್ ಜೋಡಿಸಿಕೊಂಡು ಹೋದಲ್ಲೆಲ್ಲ ತೆರೆದು ತೋರಿಸಿದರು. ವಾರದಲ್ಲಿ ಒಂದು ದಿನ ಇಂಟೆಲ್‌ಗೆ ಸಲಹೆಗಾರರಾಗಿ ಹೋಗಲು ಶುರು ಮಾಡಿದರು. ಅಲ್ಲಿಗಾಗಿಯೇ 1973ರಲ್ಲಿ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆ ಬರೆದರು. ಇಂಥ ಚಿಪ್ಪಿಗೆ, ಅಂದರೆ ಮೈಕ್ರೋಪ್ರೊಸೆಸರ್‌ಗೆ ಎಂದೇ ಬಂದ ಮೊದಲ ಮೇಲ್ಮಟ್ಟದ ಭಾಷೆ ಅದು.

ಭಾಷೆ ಆಯಿತು, ಇನ್ನು ಅದರಲ್ಲಿ ಬರೆದದ್ದನ್ನು ಇಡುವುದೆಲ್ಲಿ? ಆಗ ಪ್ರೋಗ್ರಾಮ್ ಎಂದರೆ ಕಾಗದದ ಪಟ್ಟಿಯ ಮೇಲೆ ತೂತುಗಳು. ಒಂದು ಪ್ರೋಗ್ರಾಮ್ ಒಳಗೆ ಹೋಗಲು ಬಹಳ ಹೊತ್ತು ಕಾಯಬೇಕು, ಮಧ್ಯೆ ಪಟ್ಟಿ ಹರಿದರೆ ಮತ್ತೆ ಮೊದಲಿನಿಂದ. ಫ್ಲಾಪಿ ಡ್ರೈವ್ ಆಗಷ್ಟೇ ಬಂದಿತ್ತು. ಕಾರ್ಖಾನೆಯಲ್ಲಿ ಸಾವಿರಾರು ಗಂಟೆ ಪರೀಕ್ಷೆಗೆ ಓಡಿಸಿ ಸವೆದಿದ್ದ ಎಂಟು ಇಂಚಿನ ಶುಗಾರ್ಟ್ ಡ್ರೈವ್ ಒಂದನ್ನು ಕಿಲ್ಡಾಲ್ ತಂದಿಟ್ಟುಕೊಂಡರು. ಆದರೆ ಅದನ್ನು ಕಂಪ್ಯೂಟರಿಗೆ ಜೋಡಿಸಲು ಬೇಕಾದ ಕಂಟ್ರೋಲರ್ ಬೋರ್ಡ್ ಇರಲಿಲ್ಲ. ತಾವೇ ಮಾಡಲು ನೋಡಿದರು, ಆಗಲಿಲ್ಲ. ಅವರು ಸಾಫ್ಟ್‌ವೇರ್ ಕೈಯವರು, ಬೆಸುಗೆ ಕೆಲಸ ಒಲಿದಿರಲಿಲ್ಲ. ಡ್ರೈವ್ ಸುಮ್ನೆ ಕೂತಿತ್ತು. ಕೊನೆಗೆ ವಿಶ್ವವಿದ್ಯಾಲಯದ ಗೆಳೆಯ ಜಾನ್ ಟೊರೋಡ್ ಬಂದು ಬೋರ್ಡ್ ಮಾಡಿಕೊಟ್ಟರು. 1974ರಲ್ಲಿ, ಮಾಂಟೆರೇ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಪುಟ್ಟ ಊರಿನಲ್ಲಿ, ಆ ಡ್ರೈವ್ ಓದಿತು, ಬರೆಯಿತು. ಕಾಗದದ ಪಟ್ಟಿಯಿಂದ ಪ್ರೋಗ್ರಾಮನ್ನು ಒಮ್ಮೆ ಒಳಗೆ ಹಾಕಿದರು. ಯಂತ್ರ ಒಂದು ನಕ್ಷತ್ರದ ಗುರುತು ಮೂಡಿಸಿ, ಮುಂದಿನ ಆಜ್ಞೆಗೆ ಕಾದು ನಿಂತಿತು. ಸಿಪಿ/ಎಂ ಹುಟ್ಟಿದ್ದು ಹೀಗೆ.

ಇದನ್ನು ಇಂಟೆಲ್‌ಗೆ ತೋರಿಸಿದರು. ಅವರು ಪಿಎಲ್/ಎಂ ಸಾಕು, ಇದು ಬೇಡ ಎಂದರು. ಸರಿ, ನಾವೇ ಮಾರೋಣ ಎಂದು ಕಿಲ್ಡಾಲ್ ಮತ್ತು ಅವರ ಹೆಂಡತಿ ಡೊರೊಥಿ ಕಂಪನಿ ಕಟ್ಟಿದರು. ಮೊದಲ ಹೆಸರು ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್, ಆಮೇಲೆ ಬರೀ ಡಿಜಿಟಲ್ ರಿಸರ್ಚ್. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಒಂದು ಪ್ರತಿಗೆ 70 ಡಾಲರ್‌ನಂತೆ ಮಾರಿದರು. ಕೋಡ್ ಗ್ಯಾರಿಯದು, ವ್ಯವಹಾರ ಡೊರೊಥಿಯದು. ಈ ಕತೆಯಲ್ಲಿ ಡೊರೊಥಿ ಹೆಸರು ಬರುವುದು ಬರೀ ಐಬಿಎಂ ದಿನಕ್ಕೆ, ಅದೂ ತಪ್ಪು ಹೊರಿಸಲು. ಅದು ಅನ್ಯಾಯ. ಅಂಥ ವ್ಯಾಪಾರಕ್ಕೆ ಯಾವ ಮಾದರಿಯೂ ಇಲ್ಲದ ಕಾಲದಲ್ಲಿ ಆ ಕಂಪನಿಯನ್ನು ನಿಲ್ಲಿಸಿದ್ದರಲ್ಲಿ ಅವರ ಪಾಲು ದೊಡ್ಡದು.

ಈಗ ಮುಖ್ಯ ವಿಷಯಕ್ಕೆ ಬಂದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಮ್ಸಾಯ್ ಎಂಬ ಕಂಪನಿ ತನ್ನ ಕಂಪ್ಯೂಟರಿಗೆ ಫ್ಲಾಪಿ ಡ್ರೈವ್ ಕೊಡುತ್ತೇವೆ ಎಂದು ಗ್ರಾಹಕರಿಗೆ ಮಾತು ಕೊಟ್ಟಿತ್ತು. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಬೇಕಿತ್ತು. ಅವರ ಡ್ರೈವ್ ಬೇರೆ, ಬೋರ್ಡ್ ಬೇರೆ. ಹಾಗಾಗಿ ಸಿಪಿ/ಎಂ ಅನ್ನು ಅಲ್ಲಲ್ಲಿ ಬಿಚ್ಚಿ ಹೊಲಿಯಬೇಕು. ಪ್ರತಿ ಹೊಸ ಕಂಪ್ಯೂಟರ್ ಬಂದಾಗಲೂ ಇದೇ ಕತೆ. ಕಿಲ್ಡಾಲ್‌ಗೆ ಸಾಕಾಯಿತು. ಅವರು ಇಡೀ ಪ್ರೋಗ್ರಾಮನ್ನು ಕೂಲಂಕಷವಾಗಿ ನೋಡಿ, ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನೆಲ್ಲ ಒಂದು ಮೂಲೆಗೆ ತಂದು ಬೇರೆ ಮಾಡಿದರು. ಆ ಪುಟ್ಟ ಭಾಗಕ್ಕೆ ಬಯಾಸ್ ಎಂದು ಹೆಸರಿಟ್ಟರು. ಉಳಿದ ದೊಡ್ಡ ಭಾಗ ಎಲ್ಲ ಯಂತ್ರಕ್ಕೂ ಒಂದೇ.

ಮದುವೆ ಮನೆಯ ಅಡುಗೆ ನೆನೆಸಿಕೊಳ್ಳಿ. ಅಡುಗೆ ಭಟ್ಟರು ಇವತ್ತು ಈ ಛತ್ರ, ನಾಳೆ ಆ ಛತ್ರ. ಹುಳಿ ಮಾಡುವ ವಿಧಾನ ಅವರ ಕೈಯಲ್ಲಿದೆ, ಅದು ಎಲ್ಲಿ ಹೋದರೂ ಒಂದೇ. ಆದರೆ ಒಂದು ಛತ್ರದಲ್ಲಿ ಗ್ಯಾಸ್, ಇನ್ನೊಂದರಲ್ಲಿ ಸೌದೆ. ಒಂದು ಕಡೆ ನೀರು ನಲ್ಲಿಯಲ್ಲಿ, ಇನ್ನೊಂದು ಕಡೆ ಬಾವಿಯಲ್ಲಿ. ಇದನ್ನೆಲ್ಲ ಭಟ್ಟರು ನೋಡುತ್ತಾ ಕೂರುವುದಿಲ್ಲ. ಉಗ್ರಾಣ ನೋಡಿಕೊಳ್ಳುವವರು ಒಬ್ಬರಿರುತ್ತಾರೆ. ಭಟ್ಟರು "ಎರಡು ಸೇರು ಬೇಳೆ" ಎನ್ನುತ್ತಾರೆ, ಬೇಳೆ ಬರುತ್ತದೆ. ಯಾವ ಡಬ್ಬಿ, ಯಾವ ಮೂಲೆ ಎಂಬುದು ಉಗ್ರಾಣದವರ ತಲೆನೋವು. ಛತ್ರ ಬದಲಾದರೆ ಉಗ್ರಾಣದವರು ಮಾತ್ರ ಬದಲಾದರೆ ಸಾಕು. ಕಿಲ್ಡಾಲ್ ಬರೆದ ಬಯಾಸ್ ಆ ಉಗ್ರಾಣದವರು.

ಇದರಿಂದ ಏನಾಯಿತು ನೋಡಿ. ಕಂಪ್ಯೂಟರ್ ತಯಾರಕರು ತಮ್ಮ ಬಯಾಸ್ ಮಾತ್ರ ಬರೆದುಕೊಂಡರೆ ಸಾಕಾಯಿತು. ಇನ್ನೊಂದು ಕಡೆ, ಪ್ರೋಗ್ರಾಮ್ ಬರೆಯುವವರು ಯಂತ್ರ ಯಾವುದು ಎಂದು ಕೇಳಬೇಕಾಗಿಯೇ ಇರಲಿಲ್ಲ. ಒಮ್ಮೆ ಸಿಪಿ/ಎಂಗೆ ಬರೆದರೆ ಹತ್ತಾರು ಕಂಪನಿಗಳ ಯಂತ್ರದಲ್ಲಿ ಓಡುತ್ತಿತ್ತು. ತುತ್ತತುದಿಯಲ್ಲಿದ್ದಾಗ ಸುಮಾರು 3,000 ಮಾದರಿಯ ಕಂಪ್ಯೂಟರ್‌ಗಳಲ್ಲಿ ಸಿಪಿ/ಎಂ ಇತ್ತು. ಬರೀ ಸಾಫ್ಟ್‌ವೇರ್ ಮಾರಿ ಬದುಕಬಹುದು ಎಂಬ ಧೈರ್ಯ ಬಂದದ್ದು ಇದರಿಂದ. ಇಮ್ಸಾಯ್ ಪರವಾಗಿ ಕಿಲ್ಡಾಲ್ ಜೊತೆ ಚೌಕಾಸಿ ಮಾಡಿ 25,000 ಡಾಲರ್‌ಗೆ ಸಿಪಿ/ಎಂ ಪಡೆದ ಸೇಮೂರ್ ರೂಬಿನ್‌ಸ್ಟೈನ್ ಆಮೇಲೆ ಆ ಕೆಲಸ ಬಿಟ್ಟು, 1978ರಲ್ಲಿ ಮೈಕ್ರೋಪ್ರೊ ಶುರು ಮಾಡಿದರು. ಪತ್ರ, ಲೇಖನ ಟೈಪ್ ಮಾಡುವ ವರ್ಡ್‌ಸ್ಟಾರ್ ಅಲ್ಲಿಂದ ಬಂತು, ಸಿಪಿ/ಎಂ ಮೇಲೆ. ಮಾಹಿತಿಯ ಪಟ್ಟಿಗಳನ್ನು ಇಡುವ ಡಿಬೇಸ್ ಕೂಡ ಮೊದಲು ಸಿಪಿ/ಎಂ ಮೇಲೆಯೇ ಮಾರಾಟಕ್ಕೆ ಬಂದದ್ದು. ನಮ್ಮ ಕಡೆ 1990ರ ಸುಮಾರಿಗೆ ಯಾವ ಪೇಟೆಗೆ ಹೋದರೂ ಕಂಪ್ಯೂಟರ್ ತರಬೇತಿ ಕೇಂದ್ರದ ಬೋರ್ಡ್ ಕಾಣುತ್ತಿತ್ತು. ಅದರ ಮೇಲೆ ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂದು ಬರೆದಿರುತ್ತಿದ್ದರು. ನಿಮ್ಮ ಅಪ್ಪ ಅಮ್ಮನ ವಯಸ್ಸಿನವರನ್ನು ಕೇಳಿ, ಹೇಳುತ್ತಾರೆ. ಆ ಬೋರ್ಡಿನ ನಾಲ್ಕು ಹೆಸರಲ್ಲಿ ಎರಡು ನೇರವಾಗಿ ಕಿಲ್ಡಾಲ್ ಹಾಕಿದ ಚಪ್ಪರದಡಿ ಬೆಳೆದವು. ಮೂರನೆಯದಾದ ಡಾಸ್ ಅದರ ಪಡಿಯಚ್ಚಿನಲ್ಲಿ ಬಂತು.

ಆ ಪಡಿಯಚ್ಚಿನ ಕತೆಯೇ ನೀವು ಕೇಳಿದ ಕತೆ.

1980ರ ಬೇಸಿಗೆಯಲ್ಲಿ ಐಬಿಎಂ ಗುಟ್ಟಾಗಿ ಪರ್ಸನಲ್ ಕಂಪ್ಯೂಟರ್ ಮಾಡಲು ಹೊರಟಿತ್ತು. ಮೊದಲು ಮೈಕ್ರೋಸಾಫ್ಟ್ ಬಳಿ ಹೋದರು. ಆಪಲ್ ಕಂಪ್ಯೂಟರಿನಲ್ಲಿ ಸಿಪಿ/ಎಂ ಓಡಿಸುವ ಕಾರ್ಡ್ ಒಂದನ್ನು ಮೈಕ್ರೋಸಾಫ್ಟ್ ಮಾರುತ್ತಿತ್ತು. ಹಾಗಾಗಿ ಸಿಪಿ/ಎಂ ಕೂಡ ಇವರದೇ ಇರಬೇಕು ಎಂದು ಐಬಿಎಂನವರು ಅಂದುಕೊಂಡಿದ್ದರು. ಅಲ್ಲ, ಅದು ಡಿಜಿಟಲ್ ರಿಸರ್ಚ್‌ನದು ಎಂದು ಗೇಟ್ಸ್ ಹೇಳಿ, ಪೆಸಿಫಿಕ್ ಗ್ರೋವ್‌ಗೆ ಕಳಿಸಿದರು.

ಅವರು ಬಂದ ಬೆಳಿಗ್ಗೆ ಕಿಲ್ಡಾಲ್ ತಮ್ಮ ಸಹೋದ್ಯೋಗಿ ಟಾಮ್ ರೊಲಾಂಡರ್ ಜೊತೆ ವಿಮಾನದಲ್ಲಿ ಓಕ್‌ಲ್ಯಾಂಡ್‌ಗೆ ಹೋಗಿದ್ದರು. ಅಲ್ಲಿದ್ದ ಬಿಲ್ ಗಾಡ್‌ಬೌಟ್ ಅವರ ಗ್ರಾಹಕರು. ನಾವು ಕೆಲಸದ ಮೇಲೆ ಕಾರಿನಲ್ಲಿ ಪಕ್ಕದೂರಿಗೆ ಹೋಗಿ ಬರುವ ಹಾಗೆ ಅವರು ವಿಮಾನ ಬಳಸುತ್ತಿದ್ದರು. ಇತ್ತ ಗ್ರಾಹಕರ ಮಾತುಕತೆ ನೋಡಿಕೊಳ್ಳುವುದು ಡೊರೊಥಿಯ ದಿನದ ಕೆಲಸ, ಅಂದೂ ಅವರೇ ಕೂತರು. ಐಬಿಎಂನವರು ಮೊದಲು ಒಂದು ಗೌಪ್ಯತೆಯ ಕರಾರಿಗೆ ಸಹಿ ಕೇಳಿದರು. ಅದು ಒಂದೇ ಕಡೆಗೆ ವಾಲಿದ ಕಾಗದ. ನಾವು ಬಂದಿದ್ದೆವು ಎಂಬುದನ್ನೂ ನೀವು ಬಾಯಿ ಬಿಡಬಾರದು, ನೀವು ಹೇಳಿದ್ದನ್ನು ಗುಟ್ಟಾಗಿಡುವ ಕಟ್ಟುಪಾಡು ಮಾತ್ರ ನಮಗಿಲ್ಲ ಎಂಬ ಧಾಟಿಯದು. ಡೊರೊಥಿ ವಕೀಲರನ್ನು ಕೇಳಿದರು, ಸಹಿ ಹಾಕಲಿಲ್ಲ. ಯಾರು ಬಂದು ಅಂಥ ಕಾಗದ ಮುಂದಿಟ್ಟರೂ ನಾನು ನಿಮಗೆ ಕೊಡುವ ಸಲಹೆ ಅದೇ: ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಮಧ್ಯಾಹ್ನ ತಾನು ಬಂದು ಸೇರಿಕೊಂಡೆ ಎಂದು ಕಿಲ್ಡಾಲ್ ಕೊನೆತನಕ ಹೇಳಿದರು. ಐಬಿಎಂ ಕಡೆಯ ಮುಖ್ಯಸ್ಥ ಜಾಕ್ ಸ್ಯಾಮ್ಸ್ ನೆನಪು ಬೇರೆ. ನನ್ನ ಅಭಿಪ್ರಾಯದಲ್ಲಿ ಆ ಜಗಳಕ್ಕೆ ಅಷ್ಟು ತೂಕವಿಲ್ಲ. ಯಾಕೆಂದರೆ ಮಾತು ಮುರಿದದ್ದು ಹಣದ ವಿಷಯಕ್ಕೆ. ಐಬಿಎಂಗೆ ಒಂದೇ ಸಲ ಇಡಿಗಂಟು ಕೊಟ್ಟು ಮುಗಿಸಬೇಕಿತ್ತು. ಕಿಲ್ಡಾಲ್‌ಗೆ ಮಾರಾಟವಾದ ಪ್ರತಿಯೊಂದಕ್ಕೆ ಇಷ್ಟು ಎಂಬ ರಾಯಲ್ಟಿ ಬೇಕಿತ್ತು. ಉಳಿದ ಗ್ರಾಹಕರೆಲ್ಲ ಹಾಗೆಯೇ ಕೊಡುತ್ತಿದ್ದರು. ಇದರಲ್ಲಿ ಮೂರ್ಖತನ ಏನಿದೆ?

ಅದೇ ಹೊತ್ತಿಗೆ ಸಿಯಾಟಲ್‌ನಲ್ಲಿ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿ ಇಂಟೆಲ್‌ನ ಹೊಸ 8086 ಚಿಪ್ಪಿಗೆ ಬೋರ್ಡ್ ಮಾಡಿ ಮಾರುತ್ತಿತ್ತು. ಆ ಚಿಪ್ಪಿಗೆ ಹೊಂದುವ ಸಿಪಿ/ಎಂ ಬರುತ್ತದೆ ಬರುತ್ತದೆ ಎಂದು ಕಾದರು, ಬರಲಿಲ್ಲ. ಕಾದು ಸಾಕಾಗಿ ಅಲ್ಲಿನ ಎಂಜಿನಿಯರ್ ಟಿಮ್ ಪ್ಯಾಟರ್ಸನ್ ತಾವೇ ಒಂದು ಆಪರೇಟಿಂಗ್ ಸಿಸ್ಟಮ್ ಬರೆದರು. ಸಿಪಿ/ಎಂಗೆ ಬರೆದ ಪ್ರೋಗ್ರಾಮುಗಳನ್ನು ಸುಲಭವಾಗಿ ಇದಕ್ಕೆ ತರಲಿ ಎಂದು, ಪ್ರೋಗ್ರಾಮುಗಳು ಸಿಸ್ಟಮ್‌ನಿಂದ ಕೆಲಸ ಕೇಳುವ ಕರೆಗಳ ಸಾಲನ್ನು ಸಿಪಿ/ಎಂನಲ್ಲಿದ್ದ ಹಾಗೆಯೇ ಇಟ್ಟರು. ಡಿಸ್ಕಿನಲ್ಲಿ ಫೈಲ್ ಇಡುವ ಕ್ರಮ ಮಾತ್ರ ಬೇರೆ. ಕೋಡ್ ನಕಲು ಮಾಡಿಲ್ಲ, ಕೈಪಿಡಿ ನೋಡಿ ಬರೆದೆ ಎಂಬುದು ಪ್ಯಾಟರ್ಸನ್ ಅವರ ಮಾತು. ಮೈಕ್ರೋಸಾಫ್ಟ್ ಮೊದಲು ಅದರ ಲೈಸೆನ್ಸ್ ಪಡೆಯಿತು. 1981ರ ಜುಲೈನಲ್ಲಿ 50,000 ಡಾಲರ್‌ಗೆ ಪೂರ್ತಿ ಹಕ್ಕನ್ನೇ ಕೊಂಡಿತು. ಆಗಸ್ಟ್ 12ಕ್ಕೆ ಐಬಿಎಂ ಪಿಸಿ ಬಿಡುಗಡೆಯಾಯಿತು, ಅದಕ್ಕೆ ಇದೇ ಸಿಸ್ಟಮ್ ಪಿಸಿ ಡಾಸ್ ಎಂಬ ಹೆಸರಿನಲ್ಲಿ ಬಂತು.

ಪಿಸಿ ಡಾಸ್ ನೋಡಿದ ಕಿಲ್ಡಾಲ್‌ಗೆ ತಮ್ಮ ಮನೆಯ ಸಾಮಾನು ಬೇರೆಯವರ ಮನೆಯಲ್ಲಿ ಕಂಡಂತಾಯಿತು. ವಕೀಲರನ್ನು ಕೇಳಿದರು. ಸಾಫ್ಟ್‌ವೇರ್‌ಗೆ ಕಾಪಿರೈಟ್ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬುದೇ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಕಿಲ್ಡಾಲ್ ಕೋರ್ಟಿಗೆ ಹೋಗಬಾರದು, ಐಬಿಎಂ ತನ್ನ ಪಿಸಿ ಜೊತೆ ಸಿಪಿ/ಎಂ ಅನ್ನೂ ಮಾರಬೇಕು. ಗ್ರಾಹಕರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲಿ, ಒಳ್ಳೆಯದು ಗೆಲ್ಲುತ್ತದೆ ಎಂದು ಅವರು ನಂಬಿದ್ದರು. ಅಂಗಡಿಯಲ್ಲಿ ಬೆಲೆ ಚೀಟಿ ಬಂದಾಗ ಪಿಸಿ ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಗೆ 240 ಡಾಲರ್. ಅದೂ ತಿಂಗಳುಗಟ್ಟಲೆ ತಡವಾಗಿ ಬಂತು. ಆರು ಪಟ್ಟು ಕೊಟ್ಟು ಯಾರು ಕೊಳ್ಳುತ್ತಾರೆ ಹೇಳಿ.

ನೀವು ಕಂಪನಿ ಮಾಡುವ ಆಸೆ ಇಟ್ಟುಕೊಂಡವರು, ಅದಕ್ಕೇ ನೇರವಾಗಿ ಹೇಳುತ್ತೇನೆ. ತಪ್ಪು ಹುಡುಕಲೇಬೇಕು ಅಂದರೆ ಅದು ವಿಮಾನದಲ್ಲಿ ಸಿಗುವುದಿಲ್ಲ. 8086ಗೆ ಸಿಪಿ/ಎಂ ಬರೆಯುವ ಕೆಲಸ ತಡವಾದದ್ದರಲ್ಲಿ ಸಿಗುತ್ತದೆ. ಗ್ರಾಹಕರು ಕೇಳಿ ಕೇಳಿ ಸುಸ್ತಾದಾಗ ಆ ಜಾಗಕ್ಕೆ ಇನ್ನೊಬ್ಬರು ಬಂದು ಕೂತರು. ಗೇಟ್ಸ್ ಕಡೆಯ ಜಾಣತನವನ್ನೂ ಒಪ್ಪಿಕೊಳ್ಳಬೇಕು. ಐಬಿಎಂ ಕೊಟ್ಟ ಇಡಿಗಂಟಿಗಿಂತ ಅವರಿಗೆ ಮುಖ್ಯವಾಗಿದ್ದದ್ದು ಡಾಸ್ ಅನ್ನು ಬೇರೆ ಕಂಪನಿಗಳಿಗೂ ಮಾರುವ ಹಕ್ಕು. ಅದನ್ನು ಕೈಬಿಡಲಿಲ್ಲ. ಪಿಸಿಯ ತದ್ರೂಪು ಯಂತ್ರಗಳು ಸಾಲು ಸಾಲಾಗಿ ಬಂದಾಗ ಎಲ್ಲರೂ ಅವರ ಬಳಿಗೇ ಬರಬೇಕಾಯಿತು.

ಮತ್ತೆ ಕಿಲ್ಡಾಲ್ 1981ಕ್ಕೇ ಮುಗಿದುಹೋದರು ಅಂತ ತಿಳಿಯಬೇಡಿ. 1983ರಿಂದ ಕೆಲವು ವರ್ಷ ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಕಂಪ್ಯೂಟರ್ ಬಗೆಗಿನ ಸಾಪ್ತಾಹಿಕ ಕಾರ್ಯಕ್ರಮವೊಂದರಲ್ಲಿ ಸ್ಟೂವರ್ಟ್ ಶೀಫೆಟ್ ಜೊತೆ ಕೂತು ಜನರಿಗೆ ವಿಷಯ ತಿಳಿಸಿ ಹೇಳಿದರು. ಆ ಹಳೆಯ ಕಂತುಗಳು ಈಗಲೂ ನೋಡಲು ಸಿಗುತ್ತವೆ. ಎದುರಿಗೆ ಬಂದವರು ತಮ್ಮ ಪ್ರತಿಸ್ಪರ್ಧಿಗಳಾದರೂ ಮೃದುವಾಗಿ, ಕುತೂಹಲದಿಂದ ಪ್ರಶ್ನೆ ಕೇಳುತ್ತಾರೆ. ಒಬ್ಬ ಮೇಷ್ಟ್ರು ಅಲ್ಲಿ ಎದ್ದು ಕಾಣುತ್ತಾರೆ. 1985ರಲ್ಲಿ ಅವರ ಇನ್ನೊಂದು ಕಂಪನಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿ-ರೋಮ್‌ಗೆ ತಂದಿತು. ಹೆಚ್ಚಿನವರಿಗೆ ಸಿಡಿ ಅಂದರೆ ಹಾಡು ಕೇಳುವ ತಟ್ಟೆಯಾಗಿದ್ದ ಕಾಲ ಅದು. ಡಿಜಿಟಲ್ ರಿಸರ್ಚ್ 1988ರಲ್ಲಿ ಡಿಆರ್-ಡಾಸ್ ತಂದಿತು. ಅದು ಎಷ್ಟೋ ವಿಷಯದಲ್ಲಿ ಮೈಕ್ರೋಸಾಫ್ಟ್‌ನ ಎಂಎಸ್-ಡಾಸ್‌ಗಿಂತ ಮುಂದಿತ್ತು. 1991ರಲ್ಲಿ ಕಂಪನಿಯನ್ನು ನೋವೆಲ್ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡಿತು. ಕಿಲ್ಡಾಲ್ ಶ್ರೀಮಂತರಾಗಿಯೇ ಹೊರಬಂದರು. ಹಣದ ಲೆಕ್ಕದಲ್ಲಿ ಅವರನ್ನು ಸೋತವರು ಅನ್ನಲು ಬರುವುದಿಲ್ಲ.

ಅವರಿಗೆ ನೋವಾದದ್ದು ಬೇರೆ ಕಡೆ. 1992ರಲ್ಲಿ ಅವರು ಓದಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ 25 ವರ್ಷ ತುಂಬಿತು. ಹೆಸರು ಮಾಡಿದ ಹಳೆಯ ವಿದ್ಯಾರ್ಥಿ ಎಂದು ಅವರನ್ನು ಕರೆದರು. ಆದರೆ ಮುಖ್ಯ ಭಾಷಣ ಬಿಲ್ ಗೇಟ್ಸ್ ಅವರದು. ಗೇಟ್ಸ್ ಅಲ್ಲಿ ಓದಿದವರೇ ಅಲ್ಲ. ಅದು ಮನಸ್ಸಿಗೆ ನಾಟಿತು. ತಮ್ಮ ಕತೆ ತಾವೇ ಬರೆದಿಡಬೇಕು ಎಂದು ಕೂತರು. ಬರೆದದ್ದು ಅವರ ಜೀವಮಾನದಲ್ಲಿ ಅಚ್ಚಾಗಲಿಲ್ಲ. 1994ರ ಜುಲೈನಲ್ಲಿ ಮಾಂಟೆರೇಯಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನದ ಮೇಲೆ, 11ರಂದು ತೀರಿಕೊಂಡರು. ಆಗ ಅವರಿಗೆ 52. ಆ ಬರಹದ ಮೊದಲ ಭಾಗವನ್ನು 2016ರಲ್ಲಿ ಅವರ ಮಕ್ಕಳ ಒಪ್ಪಿಗೆಯಿಂದ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಎಲ್ಲರಿಗೂ ಓದಲು ಕೊಟ್ಟಿದೆ. ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂನಲ್ಲಿ ಕಂಪನಿಯಿದ್ದ ಹಳೆಯ ಮನೆಯ ಮುಂದೆ 2014ರಲ್ಲಿ ಎಂಜಿನಿಯರುಗಳ ಸಂಸ್ಥೆಯಾದ ಐಇಇಇ ಒಂದು ಫಲಕ ಹಾಕಿತು.

ನಿಮಗೆ ನಿಜವಾಗಿ ಅವರ ಪರಿಚಯ ಬೇಕಿದ್ದರೆ ಒಂದು ಕೆಲಸ ಹೇಳುತ್ತೇನೆ. ಸಿಪಿ/ಎಂನ ಮೂಲ ಕೋಡ್ ಅದೇ 2014ರಲ್ಲಿ ಹೊರಬಂತು, 2022ರಲ್ಲಿ ಹಕ್ಕುದಾರರು ಎಲ್ಲರೂ ಬಳಸಬಹುದು ಎಂದು ಒಪ್ಪಿಗೆ ಕೊಟ್ಟರು. ಹಳೆಯ ಯಂತ್ರದಂತೆ ನಡೆದುಕೊಳ್ಳುವ ಸಾಫ್ಟ್‌ವೇರ್, ಅಂದರೆ ಎಮ್ಯುಲೇಟರ್ ಹಾಕಿಕೊಂಡು 2.2 ಆವೃತ್ತಿ ಓಡಿಸಿ. ಎ ಅಕ್ಷರ, ಪಕ್ಕದಲ್ಲಿ ಬಾಣದ ಗುರುತು ಬಂದು ನಿಲ್ಲುತ್ತದೆ. ಡಿಐಆರ್ ಎಂದು ಹೊಡೆಯಿರಿ, ಫೈಲುಗಳ ಪಟ್ಟಿ ಬರುತ್ತದೆ. ಆಮೇಲೆ ಬಯಾಸ್ ಭಾಗ ತೆರೆದು ಅದರ ತಲೆಯಲ್ಲಿರುವ ಕೋಷ್ಟಕ ನೋಡಿ. ಒಂದರ ಕೆಳಗೊಂದು 17 ಜಂಪ್ ಸೂಚನೆಗಳಿವೆ. ಕೀಲಿಮಣೆಯಿಂದ ಒಂದಕ್ಷರ ತಾ, ಪರದೆಗೆ ಒಂದಕ್ಷರ ಕಳಿಸು, ಡಿಸ್ಕ್ ಆರಿಸು, ಟ್ರ್ಯಾಕ್ ಹೇಳು, ಸೆಕ್ಟರ್ ಹೇಳು, ಓದು, ಬರೆ, ಹೀಗೆ. ಒಂದೊಂದಕ್ಕೆ ಮೂರು ಬೈಟ್, ಒಟ್ಟು 51 ಬೈಟ್. ಪರದೆಗೆ ಅಕ್ಷರ ಕಳಿಸುವ ಸಾಲನ್ನು ಹಿಡಿದು, ಅದು ಎಲ್ಲಿಗೆ ಹಾರುತ್ತದೆ ಎಂದು ಹಿಂಬಾಲಿಸಿ. ನಿಮ್ಮದೇ ಕೋಡ್ ಅಲ್ಲಿಗೆ ಸೇರಿಸಿ, ಅಕ್ಷರವನ್ನು ಪರದೆಯ ಬದಲು ಪ್ರಿಂಟರಿಗೆ ಕಳಿಸಿ ನೋಡಿ. ಮೇಲಿನ ಸಿಪಿ/ಎಂಗೆ ಅದು ಗೊತ್ತೇ ಆಗುವುದಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಮತ್ತೆ ಬರೆಯಿರಿ.